ನೀರು ಎಲ್ಲಿಯವರೆಗೆ ಬಂದಿತ್ತು?

ಇಟಲಿಯಿಂದ ವಾಪಸ್ ಬಂದ ಮೇಲೆ ಊರಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಫ್ಲಾರೆನ್ಸ್‌ನಲ್ಲಿ ಏನೇನು ನೋಡಿದಿರಿ? ನಮ್ಮ ಉತ್ತರ ಕೇಳಿ ಎಲ್ಲರಿಗೂ ನಿರಾಸೆ. ಮೈಕೆಲ್ಯಾಂಜೆಲೊನ ಡೇವಿಡ್ ನೋಡಲಿಲ್ಲ. ಉಫೀಝಿ ಗ್ಯಾಲರಿಯ ಸಾಲು ನೋಡಿದೆವು, ಒಳಗೆ ಹೋಗಲಿಲ್ಲ. ಬ್ರುನೆಲ್ಲೆಸ್ಕಿ ಕಟ್ಟಿ 1436ರಲ್ಲಿ ಮುಗಿಸಿದ ದೊಡ್ಡ ಗುಮ್ಮಟವನ್ನು ಕೆಳಗಿನಿಂದಲೇ ಕತ್ತೆತ್ತಿ ನೋಡಿ ಮುಂದೆ ಹೋದೆವು. ಆ ದಿನದ ಹೆಚ್ಚಿನ ಹೊತ್ತು ನಾವು ನೋಡಿದ್ದು ಗೋಡೆಗಳನ್ನು.

ಯಾಕೆ ಹಾಗಾಯಿತು ಎನ್ನುವುದನ್ನು ಹೇಳಬೇಕು. ಅದು ಪ್ರವಾಸದ ಕಥೆಗಿಂತ ಹೆಚ್ಚಾಗಿ ನಮ್ಮ ಕೆಲಸದ ಕಥೆ, ನಾವು ಮಾಡಿದ ಒಂದು ತಪ್ಪಿನ ಕಥೆ.

ನಾವಿಬ್ಬರು ಒಂದೇ ಡಿಪ್ಲೊಮಾ ಬ್ಯಾಚಿನವರು, ಒಂದೇ ಜಿಲ್ಲೆಯ ಸ್ಟ್ರಿಂಗರ್‌ಗಳು. ಪತ್ರಿಕೆ ಬೇರೆ ಬೇರೆ, ಬೈಕು ಒಂದೇ. ಮಲಪ್ರಭೆಯ ದಂಡೆಯ ಹಳ್ಳಿಗಳು ನಮ್ಮ ಪಾಲಿಗೆ ಬಂದಿವೆ. ಸಣ್ಣ ಊರುಗಳ ವರದಿಗಾರರಿಗೆಂದು ಪೆರುಜಾ ನಗರದಲ್ಲಿ ನಡೆದ ಮೂರು ವಾರದ ಕೋರ್ಸಿಗೆ ಅರ್ಜಿ ಹಾಕಿದ್ದೆವು. ಇಬ್ಬರಿಗೂ ಸಿಕ್ಕಿತು. ಹೋಗಿ ಬರುವ ಖರ್ಚು ಅವರದೇ. ಪೆರುಜಾದಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಪತ್ರಕರ್ತರ ದೊಡ್ಡ ಹಬ್ಬವೊಂದು ನಡೆಯುತ್ತದೆ. 2006ರಲ್ಲಿ ಹುಟ್ಟಿಕೊಂಡ ಆ ಹಬ್ಬಕ್ಕೆ ಯಾರು ಬೇಕಾದರೂ ಹೋಗಿ ಕೂರಬಹುದು, ಟಿಕೆಟ್ ಇಲ್ಲ. ನಮ್ಮ ಕೋರ್ಸು ಅದರ ಮುಂದಿನ ವಾರಗಳಲ್ಲಿತ್ತು. ಎಂಟು ವಿದ್ಯಾರ್ಥಿಗಳು: ನಾವಿಬ್ಬರು, ನೇಪಾಳದವನೊಬ್ಬ, ಕೀನ್ಯಾದ ಇಬ್ಬರು ಹುಡುಗಿಯರು, ಅಲ್ಬೇನಿಯಾದವರು ಇಬ್ಬರು, ಪೆರುವಿನವನೊಬ್ಬ. ಮೂವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಗಳಾಗಿ ಬೆಂಚಿನ ಮೇಲೆ ಕೂತಿದ್ದೆವು.

ಎರಡನೇ ವಾರದ ಶನಿವಾರ ಫ್ಲಾರೆನ್ಸ್‌ಗೆ ಒಂದು ದಿನದ ಪ್ರವಾಸ. ನಮಗೆ ಪಾಠ ಹೇಳುತ್ತಿದ್ದ ಮೇಡಂ ನಿವೃತ್ತ ವರದಿಗಾರ್ತಿ. ಹಿಂದಿನ ರಾತ್ರಿ ಒಂದು ಷರತ್ತು ಹಾಕಿದರು. "ಪ್ರತಿಯೊಬ್ಬರೂ ಆ ಊರಿನಿಂದ ಒಂದು ಸಂಖ್ಯೆ ತರಬೇಕು. ಯಾವುದೋ ಪುಸ್ತಕದಲ್ಲಿ ಓದಿದ ಸಂಖ್ಯೆ ಬೇಡ. ನೀವೇ ನಿಂತು ನೋಡಿದ್ದಾಗಿರಬೇಕು."

ಬೆಳಿಗ್ಗೆ ಆರೂವರೆಗೇ ಸ್ಟೇಷನ್‌ನಲ್ಲಿದ್ದೆವು. ಅಲ್ಲಿ ಪ್ಯಾಸೆಂಜರ್ ರೈಲಿನ ಕಾಗದದ ಟಿಕೆಟ್ ಕೊಂಡರೆ ಸಾಲದು, ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಅದಕ್ಕೆ ಮುದ್ರೆ ಒತ್ತಿಸಬೇಕು. ನಮಗದು ಗೊತ್ತಿರಲಿಲ್ಲ. ಮೇಡಂ ನೋಡಿದ್ದಕ್ಕೆ ದಂಡ ತಪ್ಪಿತು. ರೈಲು ತ್ರಾಸಿಮೆನೊ ಎಂಬ ದೊಡ್ಡ ಕೆರೆಯ ಪಕ್ಕದಲ್ಲೇ ಸಾಗಿ, ಅರೆಝೊ ದಾಟಿ, ಆರ್ನೊ ನದಿಯ ಕಣಿವೆಗೆ ಇಳಿಯಿತು. ಎರಡು ತಾಸಿನ ದಾರಿ. ಮೇಡಂ ಕಿಟಕಿಯಾಚೆ ಕೈ ತೋರಿಸಿ ಹೇಳಿದರು: ಈ ಕಣಿವೆಯಲ್ಲಿ ಲೆವಾನೆ, ಲಾ ಪೆನ್ನಾ ಎಂದು ಎರಡು ಅಣೆಕಟ್ಟುಗಳಿವೆ, 1966ರಲ್ಲಿ ಫ್ಲಾರೆನ್ಸ್ ಮುಳುಗಿದಾಗ ಅಲ್ಲಿಂದ ಬಿಟ್ಟ ನೀರೇ ಪ್ರವಾಹವನ್ನು ಹೆಚ್ಚಿಸಿತೇ ಎಂಬ ವಾದ ಬಹಳ ಕಾಲ ನಡೆಯಿತು ಎಂದು.

ನಾವಿಬ್ಬರು ಮುಖ ಮುಖ ನೋಡಿಕೊಂಡೆವು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ನೀರು ಬಿಟ್ಟಾಗ ಕೇಳಿದ ಮಾತುಗಳೇ ಇವು. ಫ್ಲಾರೆನ್ಸ್ ಮುಳುಗಿತ್ತು ಎನ್ನುವುದೇ ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಚಿತ್ರಗಳಲ್ಲಿ ನೋಡಿದ್ದ ಆ ಊರು ಯಾವಾಗಲೂ ಬಿಸಿಲಲ್ಲಿ ಹೊಳೆಯುತ್ತಿತ್ತು.

ಸ್ಟೇಷನ್‌ನಿಂದ ಊರ ನಡುವಿಗೆ ನಡೆದೇ ಹೋದೆವು. ಎಲ್ಲ ಪ್ರವಾಸಿಗರಂತೆ ಪೊಂತೆ ವೆಕ್ಕಿಯೊಗೂ ಹೋದೆವು. ಅದು ಎರಡೂ ಬದಿಗೆ ಚಿನ್ನದ ಅಂಗಡಿಗಳಿರುವ ಸೇತುವೆ. ಕೆಳಗೆ ಆರ್ನೊ ಹಸಿರು ಬಣ್ಣದಲ್ಲಿ ಮೆಲ್ಲಗೆ ಹರಿಯುತ್ತಿತ್ತು. ಬೇಸಿಗೆಯ ಮಲಪ್ರಭೆಯ ಹಾಗೆಯೇ ಪಾಪದ ನದಿ. ಇದು ಊರು ಮುಳುಗಿಸಿತ್ತೆಂದರೆ ನಂಬುವುದು ಕಷ್ಟ.

ಆದರೆ ಆ ಸೇತುವೆ ಅಲ್ಲಿರುವುದೇ ಪ್ರವಾಹದ ಕಾರಣಕ್ಕೆ. 1333ರ ನವೆಂಬರ್ 4ರಂದು ನದಿ ಉಕ್ಕಿ ಹಳೆಯ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಈಗ ಇರುವುದು 1345ರಲ್ಲಿ ಮತ್ತೆ ಕಟ್ಟಿದ್ದು. ಅದಾಗಿ ಆರುನೂರ ಮೂವತ್ತಮೂರು ವರ್ಷಗಳ ನಂತರ, ಅದೇ ನವೆಂಬರ್ 4ರಂದು, ನದಿ ಇನ್ನೂ ಹೆಚ್ಚಿನ ಎತ್ತರಕ್ಕೆ ಬಂತು. 1966ರ ಆ ದಿನ ಅಲ್ಲಿ ಸರಕಾರಿ ರಜೆ, ಮೊದಲ ಮಹಾಯುದ್ಧದ ವಿಜಯದ ನೆನಪಿನ ದಿನ. ಅಂಗಡಿಗಳು ಮುಚ್ಚಿದ್ದವು, ಜನ ಮನೆಯಲ್ಲೇ ಇದ್ದರು. ಇಲ್ಲದಿದ್ದರೆ ಇನ್ನೆಷ್ಟು ಜನ ಸಾಯುತ್ತಿದ್ದರೋ. ನಗರ ಮತ್ತು ಸುತ್ತಲಿನ ಪ್ರಾಂತ ಸೇರಿ 35 ಮಂದಿ ಸತ್ತರು.

ಸೇತುವೆಯ ಮೇಲೆ ನಿಂತು ಮೇಡಂ ಹೇಳಿದ ಇನ್ನೊಂದು ಸಂಗತಿ ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಹಿಂದಿನ ರಾತ್ರಿ ನೀರು ಏರುತ್ತಿರುವುದನ್ನು ಕಂಡ ಕಾವಲುಗಾರ ಇಲ್ಲಿಯ ಅಕ್ಕಸಾಲಿಗರ ಮನೆಗಳಿಗೆ ಫೋನ್ ಮಾಡಿದ. ಅವರು ಮಧ್ಯರಾತ್ರಿಯಲ್ಲಿ ಓಡಿಬಂದು ಆದಷ್ಟು ಚಿನ್ನ ತುಂಬಿಕೊಂಡು ಹೋದರು. ಊರಿಗೆ ಮಾತ್ರ ಯಾರೂ ಎಚ್ಚರಿಕೆ ಕೊಡಲಿಲ್ಲ. ಸಾಂತಾ ಕ್ರೋಚೆಯ ಓಣಿಗಳಲ್ಲಿ ನೆಲಮಾಳಿಗೆ ಮತ್ತು ನೆಲಮಹಡಿಯಲ್ಲಿ ಮಲಗಿದ್ದ ಕೈಕೆಲಸದವರು, ಮುದುಕರು ಎದ್ದಾಗ ನೀರು ಬಾಗಿಲಲ್ಲಿತ್ತು. ಅನ್ಕೊನೆಲ್ಲಾ ಎಂಬಲ್ಲಿ ಕುಡಿಯುವ ನೀರಿನ ಕೇಂದ್ರದ ಕೆಲಸಗಾರ ಕಾರ್ಲೊ ಮಾಜ್ಜೊರೆಲ್ಲಿ ಯಂತ್ರಗಳನ್ನು ಬಿಟ್ಟು ಹೋಗದೆ ಅಲ್ಲೇ ಸತ್ತ.

ಯಾರಿಗೆ ಮೊದಲು ಸುದ್ದಿ ಸಿಗುತ್ತದೆ ಎಂಬುದು ಪತ್ರಕರ್ತರಾದ ನಮಗೆ ಹೊಸ ಪ್ರಶ್ನೆಯಲ್ಲ. ನಮ್ಮಲ್ಲಿ ಹೊಳೆಗೆ ನೀರು ಬಿಡುತ್ತಾರೆಂದರೆ ಪಂಪ್‌ಸೆಟ್ ಇದ್ದವರಿಗೆ ಮೊದಲು ಗೊತ್ತಾಗುತ್ತದೆ. ಹೊಳೆಯ ದಂಡೆಗೆ ಟೆಂಟ್ ಹಾಕಿಕೊಂಡ ಕುರಿಗಾರನಿಗೆ ಕೊನೆಗೆ.

ಅಲ್ಲಿಂದ ಸಾಂತಾ ಕ್ರೋಚೆ ಚರ್ಚಿನ ಕಡೆಗೆ ನಡೆಯುವಾಗ ವಿಯಾ ಸಾನ್ ರೆಮಿಜೊ ಎಂಬ ಇಕ್ಕಟ್ಟಾದ ಓಣಿ ಸಿಗುತ್ತದೆ. ವಿಯಾ ದೇ ನೇರಿ ಬೀದಿಗೆ ಕೂಡುವ ಮೂಲೆಯಲ್ಲಿ ಮೇಡಂ ನಿಂತರು. ಮೇಲೆ ನೋಡಿ ಎಂದರು.

ಗೋಡೆಯ ಮೇಲೆ ಎರಡು ಕಲ್ಲುಗಳಿವೆ. ಒಂದು 1333ರದು. ಅದರಲ್ಲಿ ಅಲೆಗಳನ್ನು ಕೆತ್ತಿ, ಒಂದು ಕೈ ಬೆರಳು ಚಾಚಿ ಅಲೆಯ ಎತ್ತರವನ್ನು ತೋರಿಸುವಂತೆ ಮಾಡಿದ್ದಾರೆ. ಓದು ಬಾರದವನಿಗೂ ತಿಳಿಯುತ್ತದೆ: ನೀರು ಇಲ್ಲಿಯವರೆಗೆ. ಅದರ ಮೇಲ್ಗಡೆ 1966ರ ಕಲ್ಲು. ದಿನಾಂಕ, ನದಿಯ ಹೆಸರು, ನೀರು ಈ ಎತ್ತರಕ್ಕೆ ಬಂದಿತ್ತು ಎಂಬ ಮಾತು, ಕೆಳಗೊಂದು ಗೆರೆ. ಐದು ಮೀಟರಿಗೆ ಸ್ವಲ್ಪ ಕಡಿಮೆ ಎತ್ತರದಲ್ಲಿದೆ. ನಮ್ಮಲ್ಲೊಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಂತು ಕೈ ಚಾಚಿದರೂ ಎಟುಕುವುದಿಲ್ಲ. ಅಷ್ಟು ಮೇಲೆ, ಒಂದು ಮನೆಯ ಕಿಟಕಿಯ ಪಕ್ಕದಲ್ಲಿ.

ನಾವು ಎಂಟೂ ಜನ ಬಾಯಿ ತೆರೆದು ಮೇಲೆ ನೋಡುತ್ತಿದ್ದಾಗ ಕೈಯಲ್ಲಿ ತರಕಾರಿ ಚೀಲ ಹಿಡಿದ ಒಬ್ಬ ಮುದುಕ ನಿಂತ. ಎಪ್ಪತ್ತರ ಆಸುಪಾಸು ಇರಬೇಕು. ಮೇಡಂ ಜೊತೆ ಮಾತಿಗಿಳಿದ. ಆಗ ಅವನು ಶಾಲೆಗೆ ಹೋಗುವ ಹುಡುಗ, ಇಲ್ಲೇ ಹಿಂದಿನ ಓಣಿಯಲ್ಲಿ ಮೂರನೇ ಮಹಡಿಯಲ್ಲಿ ಮನೆ. ಕಿಟಕಿಯಿಂದ ನೋಡುತ್ತಿದ್ದಾಗ ಕುರ್ಚಿಗಳು, ಒಂದು ಕಾರು, ಬ್ರೆಡ್ಡಿನ ಬುಟ್ಟಿಗಳು ತೇಲಿಹೋದವಂತೆ. "ನೀರಿನ ವಾಸನೆ ಅಲ್ಲ, ಎಣ್ಣೆಯ ವಾಸನೆ ನೆನಪಿದೆ" ಎಂದ. ಚಳಿಗಾಲಕ್ಕೆಂದು ಎಲ್ಲ ಕಟ್ಟಡಗಳ ನೆಲಮಾಳಿಗೆಯಲ್ಲಿ ಒಲೆಯ ಎಣ್ಣೆಯನ್ನು ತುಂಬಿಸಿಟ್ಟಿದ್ದರು. ಟ್ಯಾಂಕುಗಳು ಒಡೆದು ಎಣ್ಣೆ ನೀರಿನ ಮೇಲೆ ತೇಲಿತು. ನೀರು ಇಳಿದ ಮೇಲೆ ಊರಿನ ಎಲ್ಲ ಗೋಡೆಗಳ ಮೇಲೂ ಕಪ್ಪು ಗೆರೆ ಉಳಿಯಿತು. ಕೆಳಗೆ ಸುಮಾರು 6 ಲಕ್ಷ ಟನ್ ಕೆಸರು.

ಕಲ್ಲು ಕೂರಿಸಿದ್ದು ಆ ಕಪ್ಪು ಗೆರೆಯ ಎತ್ತರಕ್ಕೇ. ಗೆರೆಯನ್ನು ತೊಳೆದರು, ಬಣ್ಣ ಹೊಡೆದರು. ಎತ್ತರವನ್ನು ಉಳಿಸಿಕೊಂಡರು.

ಇಲ್ಲಿ ನಮ್ಮ ತಪ್ಪಿನ ಕಥೆ ಹೇಳಬೇಕು. ಆ ಮೂಲೆಯಲ್ಲಿ ನಿಂತಾಗ ನಮ್ಮಿಬ್ಬರ ತಲೆಯಲ್ಲೂ ಬಂದದ್ದು ಒಬ್ಬಳೇ ಅಜ್ಜಿ.

2019ರ ಆಗಸ್ಟ್‌ನಲ್ಲಿ ನೀರು ಇಳಿದ ಮೂರನೇ ದಿನ ಮಲಪ್ರಭೆಯ ದಂಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಬೈಕು ಊರ ಹೊರಗೆ ನಿಲ್ಲಿಸಿ, ಪ್ಯಾಂಟು ಮಡಚಿ, ಕೆಸರಲ್ಲಿ ನಡೆದೆವು. ಒಬ್ಬ ಅಜ್ಜಿ ಕೈ ಹಿಡಿದು ಒಳಗೆ ಕರೆದೊಯ್ದಳು. ಮಣ್ಣಿನ ಗೋಡೆಯ ಮನೆ. ಹಸಿ ವಾಸನೆ. ಮೊಳಕೆ ಬಂದ ಜೋಳದ ಚೀಲ. ಅವಳು ಗೋಡೆಯ ಮೇಲಿನ ಗೆರೆ ತೋರಿಸಿದಳು. ದೇವರ ಮಾಡದ ಮೇಲಕ್ಕೆ, ಅವಳ ತಲೆಗಿಂತ ಎತ್ತರಕ್ಕೆ ಇತ್ತು. "ನೋಡ್ರಿ, ಇಲ್ಲೀತನಕ ಬಂದಿತ್ತು. ಬರ್ಕೋರಿ" ಎಂದಳು.

ನಾವು ಬರೆದುಕೊಂಡೆವು. ಅವಳ ಹೆಸರು, ವಯಸ್ಸು, ಎಷ್ಟು ಚೀಲ ಜೋಳ. ಗೆರೆಯ ಎತ್ತರ ಬರೆದುಕೊಳ್ಳಲಿಲ್ಲ. ಫೋಟೊ ತೆಗೆಯಲಿಲ್ಲ. ಡೆಸ್ಕಿನವರು ಕೇಳಿದ್ದು ಬಿದ್ದ ಮನೆಯ ಫೋಟೊ. ಇವಳ ಮನೆ ನಿಂತಿತ್ತು. ಪಕ್ಕದ ಓಣಿಯಲ್ಲಿ ಪೂರ್ತಿ ಕುಸಿದ ಮನೆಯೊಂದು ಸಿಕ್ಕಿತು. ಅದನ್ನೇ ತೆಗೆದು ಕಳಿಸಿದೆವು. ಮರುದಿನ ಒಬ್ಬರ ಪತ್ರಿಕೆಯಲ್ಲಿ ಎರಡು ಕಾಲಂ, ಇನ್ನೊಬ್ಬರದರಲ್ಲಿ ಒಂದು ಕಾಲಂ. ಎರಡರಲ್ಲೂ ಒಂದೇ ವಾಕ್ಯ: "ಹಲವು ಮನೆಗಳಿಗೆ ನೀರು ನುಗ್ಗಿದೆ."

ಹಾನಿಯಾದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದು ನಿಮಗೆಲ್ಲ ಗೊತ್ತು. ಅವಳ ಮನೆಯನ್ನು ನೋಡಲು ಬಂದಾಗ ಗೋಡೆ ಒಣಗಿತ್ತು. ಅಷ್ಟರಲ್ಲಿ ಹಬ್ಬ ಬಂದು, ಮೊಮ್ಮಗಳು ಸುಣ್ಣ ಬಳಿದಿದ್ದಳು. ಮನೆಯನ್ನು ಸ್ವಚ್ಛ ಮಾಡಿಕೊಂಡದ್ದೇ ತಪ್ಪಾಯಿತು. ಕೊನೆಯ ವರ್ಗಕ್ಕೆ ಸೇರಿಸಿದರು. ಮುಂದಿನ ಮಳೆಗಾಲದಲ್ಲಿ ಬುಡ ನೆನೆದಿದ್ದ ಆ ಗೋಡೆ ಬಿತ್ತು. ಆಗ ಅವಳು ಬಸ್ಸು ಹಿಡಿದು ಊರಿಗೆ ಬಂದು ನಮ್ಮನ್ನು ಹುಡುಕಿದಳು. "ನೀವು ನೋಡಿದ್ರೆಲ್ಲಪ, ಗೆರಿ ಎಲ್ಲೀತನಕ ಇತ್ತು ಹೇಳ್ರಿ" ಎಂದಳು.

ನೋಡಿದ್ದೆವು. ಹೇಳುವುದಕ್ಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಟಿಪ್ಪಣಿ ಪುಸ್ತಕ ತೆಗೆದು ನೋಡಿದರೆ ಹೆಸರು, ವಯಸ್ಸು, ಜೋಳ. ಒಬ್ಬರು ಆರಡಿ ಇರಬಹುದು ಎಂದೆವು, ಇನ್ನೊಬ್ಬರು ಐದೂವರೆ. ಒಂದೇ ಮನೆಯಲ್ಲಿ ಒಟ್ಟಿಗೆ ನಿಂತವರ ಸಾಕ್ಷಿಯೇ ಹೀಗೆ. ಅವಳಿಗೆ ಚಹಾ ಕುಡಿಸಿ ಬಸ್ಸು ಹತ್ತಿಸಿದೆವು.

ಫ್ಲಾರೆನ್ಸ್‌ನಲ್ಲಿ ಊಟದ ಹೊತ್ತಿಗೆ ಸಾಂತಾ ಕ್ರೋಚೆಯ ಮುಂದಿನ ಬಯಲಿನ ಕಲ್ಲು ಬೆಂಚಿನ ಮೇಲೆ ಕೂತು ಇದನ್ನು ಉಳಿದವರಿಗೆ ಹೇಳಿದೆವು. ಅಂಗಡಿಯಿಂದ ಬ್ರೆಡ್ ತಂದಿದ್ದೆವು. ಆ ಸೀಮೆಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ನೇಪಾಳದವನು ಸಪ್ಪೆ ಎಂದು ಮುಖ ಕಿವಿಚಿದ. ಜೋಳದ ರೊಟ್ಟಿ ತಿಂದು ಬೆಳೆದ ನಮಗೆ ಅದೇನು ವಿಶೇಷವೆನಿಸಲಿಲ್ಲ; ಊರಿಂದ ತಂದಿದ್ದ ಶೇಂಗಾ ಚಟ್ನಿಯ ಪುಡಿ ತೆಗೆದು ಎಲ್ಲರಿಗೂ ಹಂಚಿದೆವು. ಕೀನ್ಯಾದ ಹುಡುಗಿಯೊಬ್ಬಳು ತನ್ನೂರಲ್ಲೂ ಹೀಗೆಯೇ ಎಂದಳು. ನೀರು ಬಂದದ್ದು ಸುದ್ದಿಯಾಗುತ್ತದೆ, ಎಷ್ಟು ಬಂತು ಎನ್ನುವುದು ಆಗುವುದಿಲ್ಲ.

ಮೇಡಂ ಆಗ ಜೊವಾನ್ನಿ ವಿಲ್ಲಾನಿಯ ವಿಷಯ ಹೇಳಿದರು. ಅವನು ಈ ಊರಿನ ವ್ಯಾಪಾರಿ. ಲ್ಯಾಟಿನ್ ಬಿಟ್ಟು ಜನರ ಮಾತಿನಲ್ಲಿ ಊರಿನ ವೃತ್ತಾಂತ ಬರೆದ. ವ್ಯಾಪಾರಿಯಾದ್ದರಿಂದ ಎಲ್ಲವನ್ನೂ ಎಣಿಸುತ್ತಿದ್ದ: ಓದು ಕಲಿಯುವ ಮಕ್ಕಳು 8ರಿಂದ 10 ಸಾವಿರ ಎಂದೂ ಬರೆದಿಟ್ಟಿದ್ದಾನೆ. 1333ರ ಪ್ರವಾಹವನ್ನು ಕಂಡು ಬರೆದವನು ಅವನೇ. ಮೊದಲು ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ನಂಬಿದ್ದರು, ಸತ್ತದ್ದು ಮುನ್ನೂರು ಎಂದು ಬರೆದ. ದೊಡ್ಡ ಸಂಖ್ಯೆ ಕೈಯಲ್ಲಿದ್ದೂ ಸಣ್ಣದನ್ನು ಬರೆದವನು. 1348ರ ಪ್ಲೇಗಿನಲ್ಲಿ ತೀರಿಕೊಂಡ. ಅವನಿಗೆ ಡಿಪ್ಲೊಮಾ ಇರಲಿಲ್ಲ ಎಂದು ಪೆರುವಿನವನು ನಗಿಸಿದ.

ಮಧ್ಯಾಹ್ನ ಚರ್ಚಿನ ಒಳಗೆ ಹೋದೆವು. ಮೈಕೆಲ್ಯಾಂಜೆಲೊ, ಗೆಲಿಲಿಯೊ, ಮ್ಯಾಕಿಯವೆಲ್ಲಿ ಎಲ್ಲರ ಸಮಾಧಿಗಳೂ ಅಲ್ಲಿವೆ. ನಾವು ಹುಡುಕಿದ್ದು ಚಿಮಾಬುವೆಯ ಶಿಲುಬೆಯನ್ನು. ಹದಿಮೂರನೇ ಶತಮಾನದ ದೊಡ್ಡ ಮರದ ಶಿಲುಬೆ, ಅದರ ಮೇಲೆ ಯೇಸುವಿನ ಚಿತ್ರ. 1966ರಲ್ಲಿ ಅದು ನೀರಲ್ಲಿ ನಿಂತು ಅರ್ಧಕ್ಕೂ ಹೆಚ್ಚು ಬಣ್ಣ ಉದುರಿಹೋಯಿತು. ಹತ್ತು ವರ್ಷ ಕೆಲಸ ಮಾಡಿ 1976ರಲ್ಲಿ ವಾಪಸ್ ತಂದರು. ಉದುರಿದ ಜಾಗದಲ್ಲಿ ಹೊಸ ಮುಖ ಬರೆಯಲಿಲ್ಲ. ಸಣ್ಣ ಸಣ್ಣ ಬಣ್ಣದ ಗೆರೆಗಳನ್ನು ಮಾತ್ರ ತುಂಬಿದರು. ದೂರದಿಂದ ಚಿತ್ರ ಕೂಡಿಕೊಂಡಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಯಾವುದು ಉಳಿದದ್ದು, ಯಾವುದು ಹೋದದ್ದು ಎಂದು ಸ್ಪಷ್ಟ.

ಅಲ್ಲೇ ಹಳೆಯ ಊಟದ ಮನೆಯಲ್ಲಿ ವಸಾರಿ ಬರೆದ ಕೊನೆಯ ಭೋಜನದ ಚಿತ್ರವಿದೆ. ಅದು ಹನ್ನೆರಡು ತಾಸಿಗೂ ಹೆಚ್ಚು ನೀರಲ್ಲಿ ಮುಳುಗಿತ್ತು. ಐವತ್ತು ವರ್ಷ ತುಂಬಿದಾಗ, 2016ರಲ್ಲಿ, ದುರಸ್ತಿ ಮುಗಿಸಿ ಗೋಡೆಗೆ ಹಾಕಿದರು. ಹಾಕುವಾಗ ಒಂದು ಯಂತ್ರವನ್ನೂ ಜೋಡಿಸಿದ್ದಾರೆ. ಮತ್ತೆ ಪ್ರವಾಹ ಬಂದರೆ ಚಿತ್ರವನ್ನು ಮೇಲಕ್ಕೆ ಎತ್ತಬಹುದು. ಎಷ್ಟು ಮೇಲಕ್ಕೆ ಎತ್ತಬೇಕು ಎನ್ನುವುದಕ್ಕೆ ಲೆಕ್ಕ ಬೇಕಲ್ಲ? ಆ ಲೆಕ್ಕ ಗೋಡೆಯ ಮೇಲಿನ ಗೆರೆಯಲ್ಲಿದೆ. ಗೆರೆ ಬರೀ ನೆನಪಿಗೆ ಅಲ್ಲ ಎಂದು ನಮಗೆ ಹೊಳೆದದ್ದು ಅಲ್ಲಿ.

ಹೊರಡುವ ಮೊದಲು ಪಕ್ಕದ ರಾಷ್ಟ್ರೀಯ ಗ್ರಂಥಾಲಯವನ್ನು ಹೊರಗಿನಿಂದ ನೋಡಿದೆವು. ನದಿಗೆ ಅಂಟಿಕೊಂಡೇ ಇದೆ. ಅಲ್ಲಿ 10 ಲಕ್ಷಕ್ಕೂ ಹೆಚ್ಚು ಪುಸ್ತಕ, ಕಾಗದಪತ್ರಗಳು ನೀರು ಕುಡಿದವು. ಅವುಗಳಲ್ಲಿ ಹಳೆಯ ಪತ್ರಿಕೆಗಳ ಸಂಪುಟಗಳೂ ಇದ್ದವು, ನಮ್ಮಂಥವರು ಬರೆದ ಸುದ್ದಿಗಳು. ಎಲ್ಲೆಲ್ಲಿಂದಲೋ ಬಂದ ವಿದ್ಯಾರ್ಥಿಗಳು ನೆಲಮಾಳಿಗೆಯಿಂದ ಸಾಲಾಗಿ ನಿಂತು, ಕೈಯಿಂದ ಕೈಗೆ, ಕೆಸರಿನ ಪುಸ್ತಕಗಳನ್ನು ಮೇಲಕ್ಕೆ ಸಾಗಿಸಿದರು. ಕೆಸರಿನ ದೇವತೆಗಳು ಎಂದು ಇಂದಿಗೂ ಅವರನ್ನು ಕರೆಯುತ್ತಾರೆ. ದುರಸ್ತಿಯ ಕೆಲಸ ದಶಕಗಳ ಕಾಲ ನಡೆಯಿತು.

ರಾತ್ರಿಯ ರೈಲಿನಲ್ಲಿ ಎಲ್ಲರೂ ತಮ್ಮ ಸಂಖ್ಯೆ ಹೇಳಿದರು. ನೇಪಾಳದವನು ಉಫೀಝಿಯ ಸಾಲಿನಲ್ಲಿದ್ದವರನ್ನು ಎಣಿಸಿದ್ದ. ಅಲ್ಬೇನಿಯಾದವರು ಒಂದು ಬೀದಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಗಳ ಬೀಗದ ಡಬ್ಬಿಗಳನ್ನು ಎಣಿಸಿದ್ದರು. ನಾವು ಸಂಖ್ಯೆ ತಂದಿರಲಿಲ್ಲ. ನಮಗೆ ಬೇಕಾಗಿದ್ದ ಸಂಖ್ಯೆ ಫ್ಲಾರೆನ್ಸ್‌ನಲ್ಲಿ ಇರಲಿಲ್ಲ ಎಂದೆವು. ಮೇಡಂ ಬೈಯಲಿಲ್ಲ.

ಊರಿಗೆ ಬಂದ ಮೇಲೆ ಹದಿನೈದು ಅಡಿಯ ಒಂದು ಟೇಪು ಕೊಂಡೆವು. ಈಗ ಅದು ಬೈಕಿನ ಡಬ್ಬಿಯಲ್ಲಿದೆ. ಮೊದಲು ಹೋದದ್ದು ಅದೇ ಹಳ್ಳಿಗೆ. ಅಜ್ಜಿ ಬಿದ್ದ ಗೋಡೆಯ ಜಾಗಕ್ಕೆ ತಗಡು ಹೊಡೆಸಿಕೊಂಡಿದ್ದಾಳೆ. ನಾವು ಬಂದ ಕಾರಣ ಹೇಳಿದಾಗ ನಕ್ಕಳು. "ಈಗ ಬಂದ್ರ ಏನ್ ಅಳೀತೀರಿ, ತಗಡ?" ಎಂದಳು. ಅವಳ ಮಾತಿಗೆ ಉತ್ತರವಿಲ್ಲ. ಅವಳ ಕಡತಕ್ಕೆ ನಮ್ಮಿಂದ ಇನ್ನೇನೂ ಆಗುವುದಿಲ್ಲ, ಅದನ್ನು ಅವಳಿಗೇ ಹೇಳಿ ಬಂದೆವು.

ಆದರೆ ಹನುಮಪ್ಪನ ಗುಡಿಯ ಹೊರಗೋಡೆಗೆ ಯಾರೂ ಸುಣ್ಣ ಬಳಿದಿರಲಿಲ್ಲ. ಅಲ್ಲಿ 2019ರ ಗೆರೆ ಮಸುಕಾಗಿ ಇನ್ನೂ ಇತ್ತು. ನೆಲದಿಂದ ನಾಲ್ಕು ಅಡಿ ಏಳು ಇಂಚು. 2009ರ ಪ್ರವಾಹ ಎಲ್ಲಿಯವರೆಗೆ ಬಂದಿತ್ತು ಎಂದು ಮೂವರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿದೆವು. ಇಬ್ಬರು ಒಂದೇ ಕಲ್ಲನ್ನು ತೋರಿಸಿದರು, ಒಬ್ಬರು ಅದರ ಮೇಲಿನದನ್ನು. ಮೂರನ್ನೂ ಬರೆದುಕೊಂಡೆವು. ಶಾಲೆಯ ಮೇಷ್ಟ್ರು ಕಾಂಪೌಂಡಿನ ಮೇಲೆ ಬಣ್ಣದಲ್ಲಿ ಗೆರೆ ಎಳೆದು ದಿನಾಂಕ ಬರೆಸುತ್ತೇನೆ ಎಂದಿದ್ದಾರೆ. ಬರೆಸುತ್ತಾರೋ ಇಲ್ಲವೋ, ಮಳೆಗಾಲದ ಮುಂಚೆ ಹೋಗಿ ನೋಡಬೇಕು.

ನಮ್ಮ ಬ್ಯಾಚಿನವರು, ಹಿಂದಿನವರು, ಮುಂದಿನವರು ಹೊಳೆದಂಡೆಯ ಎಲ್ಲ ಜಿಲ್ಲೆಗಳಲ್ಲೂ ಇದ್ದೀರಿ. ಟೇಪು ದುಬಾರಿಯಲ್ಲ. ನೀರು ಇಳಿದ ದಿನವೇ ಹೋಗಿ, ಯಾವ ಮನೆ, ಯಾವ ಗೋಡೆ, ನೆಲದಿಂದ ಎಷ್ಟು ಅಡಿ ಎಷ್ಟು ಇಂಚು, ಯಾವ ತಾರೀಕು ಎಂದು ಬರೆದುಕೊಳ್ಳಿ. ಟೇಪು ಹಿಡಿದೇ ಫೋಟೊ ತೆಗೆಯಿರಿ. ಡೆಸ್ಕಿನವರು ಹಾಕುತ್ತಾರೋ ಬಿಡುತ್ತಾರೋ, ಅದು ಬೇರೆ ಮಾತು. ಯಾರಾದರೂ ಬಸ್ಸು ಹಿಡಿದು ಬಂದು ಕೇಳಿದಾಗ ನಮ್ಮ ಹತ್ತಿರ ಉತ್ತರ ಇರಬೇಕು.